ಸ್ಕೂಟ್

ವೆಸ್ಟ್ ಮಾಂಬಲಂನ ಆರ್ಯಗೌಡ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಓಣಿ. ಅಲ್ಲಿನ ಒಂದು ಮನೆಯ ಮೊದಲ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಜಮಖಾನ ಹಾಸುತ್ತಾರೆ. ಐದು ಜನ, ಎಲ್ಲರೂ ನಿವೃತ್ತರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಪಾಯಿಂಟು ಬರೆಯುವಾಗ ಇಂಗ್ಲಿಷ್. ಎರಡು ಕಟ್ಟು ಇಸ್ಪೀಟು ಕಲಸಿ ಒಬ್ಬೊಬ್ಬರಿಗೆ 13 ಎಲೆ ಹಂಚುತ್ತಾರೆ. 101 ಮುಟ್ಟಿದವರು ಹೊರಗೆ. ಪಣ ಹತ್ತು ರೂಪಾಯಿ. ಐದು ಗಂಟೆಗೆ ಕಾಫಿ ಬಂದರೆ ಆಟ ಮುಗಿಯಿತು. ಸೋತವರು ಎಷ್ಟೇ ಗೋಗರೆದರೂ ಇನ್ನೊಂದು ಕೈ ಇಲ್ಲ.

ಮನೆಯ ಯಜಮಾನರು ಬ್ಯಾಂಕಿನಲ್ಲಿದ್ದವರು. ಒಳ್ಳೆಯ ಆಟಗಾರರೆಂದು ಹೆಸರು. ಆದರೆ ಪಕ್ಕದಲ್ಲಿ ಕೂತು ನೋಡಿದವರಿಗೆ ನಿರಾಸೆಯೇ, ಏಕೆಂದರೆ ಅವರು ಆಡುವುದಕ್ಕಿಂತ ಬಿಡುವುದು ಹೆಚ್ಚು. ಎಲೆ ಜೋಡಿಸಿ, ಒಮ್ಮೆ ಕಣ್ಣಾಡಿಸಿ, ಮುಚ್ಚಿ ಕೆಳಗಿಡುತ್ತಾರೆ. 'ಸ್ಕೂಟ್.' ಚೆನ್ನೈ ರಮ್ಮಿಯಲ್ಲಿ ಡ್ರಾಪ್‌ಗೆ ಇರುವ ಮಾತು ಅದು. ಮೊದಲ ಎಲೆ ಎಳೆಯುವ ಮುಂಚೆ ಬಿಟ್ಟರೆ 20 ಪಾಯಿಂಟು, ಎಳೆದ ಮೇಲೆ ಬಿಟ್ಟರೆ 40, ಕೊನೆಯವರೆಗೆ ಕೂತು ಪೂರಾ ಸಿಕ್ಕಿಬಿದ್ದರೆ 80.

ಲೆಕ್ಕ ಕಷ್ಟದ್ದಲ್ಲ. ಕೆಟ್ಟ ಕೈ ಹಿಡಿದು ನಾಲ್ಕು ಸಲ ಆಡಿ, ಒಂದು ಸಲ ಗೆದ್ದು ಸೊನ್ನೆ, ಉಳಿದ ಮೂರು ಸಲ ತಲಾ 40 ಬರೆಸಿಕೊಂಡರೆ ಒಟ್ಟು 120, ಅಂದರೆ ಸರಾಸರಿ 30. ನಾಲ್ಕೂ ಸಲ ಸ್ಕೂಟ್ ಮಾಡಿದ್ದರೆ 80 ಅಷ್ಟೇ. ಇದು ಜಮಖಾನದ ಮೇಲಿರುವ ಐವರಿಗೂ ಗೊತ್ತು. ಆದರೂ ನಾಲ್ವರು ಎಲೆ ಎಳೆಯುತ್ತಾರೆ. ಕೈಯಲ್ಲಿ ಇಸ್ಪೇಡಿನ ಏಳು, ಒಂಬತ್ತು ಇರುತ್ತವೆ. ಎಂಟು ಬರದೆ ಎಲ್ಲಿ ಹೋಗುತ್ತದೆ!

ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಈ ಗುಣದ ವಿವರಣೆ ಇದೆ. ಖಚಿತವಾದ ಸಣ್ಣ ನಷ್ಟ ಮತ್ತು ಪಾರಾಗುವ ಆಸೆಯುಳ್ಳ ದೊಡ್ಡ ನಷ್ಟ ಎದುರಿಗಿದ್ದರೆ ಜನ ಸಾಮಾನ್ಯವಾಗಿ ಎರಡನೆಯದರ ಕಡೆ ವಾಲುತ್ತಾರೆ. ಪೋಕರ್ ಆಡುವವರ ಬಳಿ ಇದರ ಮುಂದಿನ ಹಂತಕ್ಕೂ ಹೆಸರಿದೆ: ಟಿಲ್ಟ್. ಹಳೆಯ ಪಿನ್‌ಬಾಲ್ ಯಂತ್ರವನ್ನು ಸಿಟ್ಟಿನಲ್ಲಿ ಅಲುಗಾಡಿಸಿದರೆ ಅದು ಆಟ ನಿಲ್ಲಿಸಿ ಆ ಪದವನ್ನು ತೋರಿಸುತ್ತಿತ್ತು. ಸೋತ ಮನುಷ್ಯ ಬುದ್ಧಿ ತಪ್ಪಿ ಆಡತೊಡಗಿದಾಗ ಯಾವ ದೀಪವೂ ಹತ್ತುವುದಿಲ್ಲ. ಜಮಖಾನದ ಮೇಲಾದರೆ ಪಕ್ಕದವರು ಹೇಳುತ್ತಾರೆ, 'ಸಾಕು, ಎದ್ದು ಮುಖ ತೊಳ್ಕೊಂಡು ಬಾ.'

ಯಜಮಾನರ ತಂಗಿಯ ಮಗ ಹನ್ನೆರಡನೆಯ ವಯಸ್ಸಿನಲ್ಲಿ ಇದೇ ಜಮಖಾನದ ಮೇಲೆ ಎಲೆ ಹಿಡಿಯಲು ಕಲಿತ. ಯಾರು ಯಾವ ಎಲೆ ಎಸೆದರೆಂಬ ನೆನಪು ಅವನಿಗೆ ಮಾವನಿಗಿಂತ ಚುರುಕು. 2020ರ ಲಾಕ್‌ಡೌನಿನಲ್ಲಿ ಅವನು ಫೋನಿನಲ್ಲಿ ದುಡ್ಡು ಕಟ್ಟಿ ಆಡತೊಡಗಿದ. ಅಲ್ಲಿ ಐದು ಗಂಟೆಯ ಕಾಫಿ ಇಲ್ಲ. ಒಂದು ಟೇಬಲ್ ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧ, ಅದೂ ರಾತ್ರಿ ಎರಡಕ್ಕೆ.

ಆ ವರ್ಷದ ನವೆಂಬರಿನಲ್ಲಿ ತಮಿಳುನಾಡು ಸರ್ಕಾರ ಸುಗ್ರೀವಾಜ್ಞೆ ತಂದು ಇಂಥ ಆಟಗಳನ್ನು ನಿಷೇಧಿಸಿತು. ಅದರ ಜಾಗದಲ್ಲಿ ಬಂದ ಕಾಯ್ದೆಯನ್ನು 2021ರ ಆಗಸ್ಟಿನಲ್ಲಿ ಮದ್ರಾಸ್ ಹೈಕೋರ್ಟ್ ರದ್ದು ಮಾಡಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಹೇಳಿದ್ದು 1968ರಿಂದ ವಕೀಲರ ಬಾಯಲ್ಲಿದೆ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂದು ತಿಳಿದಿರಬೇಕು. ಮಾತು ಸರಿಯೇ. ಅಪಾಯವೂ ಅದರಲ್ಲೇ ಇತ್ತು. ಲಾಟರಿಯಲ್ಲಿ ಸೋತವನು ಹಣೆಬರಹವನ್ನು ಬೈದು ಮಲಗುತ್ತಾನೆ. ರಮ್ಮಿಯಲ್ಲಿ ಸೋತ ಜಾಣನಿಗೆ ತಾನು ನಾಳೆ ಇನ್ನೂ ಚೆನ್ನಾಗಿ ಆಡಬಲ್ಲೆ ಅನ್ನಿಸುತ್ತದೆ. ಆ ಹುಡುಗ ನಿಜವಾಗಿಯೂ ಚೆನ್ನಾಗಿ ಆಡುತ್ತಿದ್ದ. ಎಲೆಗಳ ನೆನಪಿತ್ತು, ಏಳುವ ಹೊತ್ತಿನ ನೆನಪಿರಲಿಲ್ಲ.

ಮೊದಲ ಸಲ ಎಂಬತ್ತು ಸಾವಿರ. ಮಾವ ಯಾರಿಗೂ ಹೇಳದೆ ಕಟ್ಟಿದರು. ಎರಡನೆಯ ಸಲ ಎರಡು ಲಕ್ಷ. ಫಿಕ್ಸೆಡ್ ಡೆಪಾಸಿಟ್ ಮುರಿಸಿದರು. ಮೂರನೆಯ ಸಲ ಹುಡುಗ 'ಇದೊಂದೇ ಸಲ, ಮಾವ' ಅಂದಾಗ ಮೊತ್ತ ನಾಲ್ಕು ಲಕ್ಷ ದಾಟಿತ್ತು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಇಪ್ಪತ್ತಕ್ಕೇ ಬಿಡಬೇಕೆಂದು ಊರಿಗೆಲ್ಲ ಹೇಳುವವರು ತಾವೇ ನಲವತ್ತು ದಾಟಿ, ಎಂಬತ್ತಕ್ಕೆ ಕೂತಿದ್ದರು. ಕೊಟ್ಟದ್ದು ವ್ಯರ್ಥವಾಗಬಾರದೆಂದೇ ಮತ್ತೆ ಕೊಟ್ಟಿದ್ದರು. ಆದರೆ ತಂಗಿಯ ಮಗ ಮುಚ್ಚಿ ಕೆಳಗಿಡುವ ಎಲೆಯೇ?

ಬೆಳಿಗ್ಗೆ ಇಲ್ಲ ಅಂದರು. ಸಾಲ ಕೊಟ್ಟವರ ಪಟ್ಟಿ ಬರೆಸಿ, ಜೊತೆಗೆ ಹೋಗಿ ಕಂತು ಮಾತಾಡಿಕೊಡುತ್ತೇನೆ, ದುಡ್ಡು ಕೊಡುವುದಿಲ್ಲ ಅಂದರು. ತಂಗಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: 'ಅಣ್ಣಾ, ಅವನಿಗೆ ಎಲೆ ಹಿಡಿಯೋದು ಕಲಿಸಿದ್ದು ನೀನೇ ತಾನೆ?' ಆಮೇಲೆ ಬಹಳ ದಿನ ಅವಳು ಫೋನ್ ಮಾಡಲಿಲ್ಲ.

ಅಮೆರಿಕದ ಪೋಕರ್ ಆಟಗಾರ್ತಿ ಆನಿ ಡ್ಯೂಕ್ 2018ರ ತಮ್ಮ ಪುಸ್ತಕದಲ್ಲಿ, ಫಲ ನೋಡಿ ನಿರ್ಧಾರವನ್ನು ಅಳೆಯಬೇಡಿ ಎನ್ನುತ್ತಾರೆ. ಆಟದ ಮೇಜಿನಲ್ಲಿ ಅದು ಒಳ್ಳೆಯ ಮಾತು. ತಂಗಿಯ ಮನೆಯ ವಿಷಯಕ್ಕೆ ಬಂದಾಗ ಹಾಗೆ ಅಳೆಯದೆ ಇರುವುದು ಸುಲಭವಲ್ಲ.

2025ರಲ್ಲಿ ತಮಿಳುನಾಡು ರಾತ್ರಿ 12ರಿಂದ ಬೆಳಗಿನ 5ರವರೆಗೆ ದುಡ್ಡಿನ ಆಟಕ್ಕೆ ಬೀಗ ಹಾಕಿತು. ಅದೇ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಮಾಡಿ ಆನ್‌ಲೈನ್ ದುಡ್ಡಿನ ಆಟವನ್ನೇ ನಿಷೇಧಿಸಿತು. ಹುಡುಗನ ಫೋನಿನಿಂದ ರಮ್ಮಿ ಹೋಯಿತು. ಕಂತು ಹೋಗಲಿಲ್ಲ, ಸಂಬಳದಲ್ಲಿ ಈಗಲೂ ಕಟ್ಟುತ್ತಿದ್ದಾನೆ.

ದೀಪಾವಳಿಗೆ ಅಮ್ಮನನ್ನು ಕರೆದುಕೊಂಡು ಬಂದಿದ್ದ. ಊಟವಾದ ಮೇಲೆ ಜಮಖಾನ ಹಾಸಿದರು. ಅವನೆದುರು ಇಸ್ಪೀಟು ತೆಗೆಯಬೇಕೋ ಬೇಡವೋ ಎಂದು ಎಲ್ಲರೂ ಅನುಮಾನಿಸುತ್ತಿದ್ದಾಗ ಅವನೇ 'ಪಣ ಬೇಡ, ಸುಮ್ಮನೆ ಆಡೋಣ' ಅಂದ. 13 ಎಲೆ ಎತ್ತಿಕೊಂಡು, ಜೋಡಿಸಿ, ಒಂದು ಗಳಿಗೆ ನೋಡಿ ಮುಚ್ಚಿಟ್ಟ.

'ಸ್ಕೂಟ್, ಮಾವ.'

ಆ ಕೈ ಮುಗಿದ ಮೇಲೆ ಕಲಸಲು ಎಲೆ ಒಟ್ಟುಮಾಡುವಾಗ ಮಾವನಿಗೆ ಅವನ ಎಲೆಗಳು ಕಂಡವು. ಇಸ್ಪೇಡಿನ ಐದು, ಆರು, ಏಳು ಸಾಲಾಗಿ ಕೂತಿದ್ದವು, ಪಕ್ಕದಲ್ಲಿ ಎರಡು ಜೋಕರ್. ಯಾರೂ ಬಿಡುವ ಕೈಯಲ್ಲ ಅದು. ಅವರು ಏನೂ ಹೇಳದೆ ಎಲೆಗಳನ್ನು ಕಟ್ಟಿಗೆ ಸೇರಿಸಿ ಕಲಸಿದರು. ತಂಗಿ ಕಾಫಿ ತರಲು ಒಳಗೆ ಹೋಗಿದ್ದಳು. ಇನ್ನೂ ನಾಲ್ಕೂವರೆ.