ಅಜ್ಜಂಪುರದ ಕಾವಲಿನಲ್ಲಿ

ಬೀರೂರು ದಾಟಿದ ಮೇಲೆ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಮಲೆನಾಡಿಗೆ ಬೆನ್ನು ತಿರುಗಿಸಿ ಬಯಲುಸೀಮೆಯ ದಾರಿ ಹಿಡಿಯುತ್ತದೆ. ತೆಂಗು ಅಡಕೆಗಳ ತೋಟಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತವೆ. ರಾಗಿಯ ಹೊಲಗಳೂ ಈರುಳ್ಳಿಯ ಮಡಿಗಳೂ ಕಣ್ಣಿಗೆ ಬೀಳುತ್ತವೆ. ಆಕಾಶ ಇದ್ದಕ್ಕಿದ್ದಂತೆ ವಿಶಾಲವಾಗುತ್ತದೆ. ಆ ವೈಶಾಲ್ಯಕ್ಕೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಅಜ್ಜಂಪುರ ಬಂದೇಬಿಡುತ್ತದೆ. ಬಹುಕಾಲ ತರೀಕೆರೆಯ ಆಶ್ರಯದಲ್ಲಿದ್ದ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಆದರೂ ಸಂತೆಯ ಊರಿನ ಸಲಿಗೆ ಇನ್ನೂ ಹೋಗಿಲ್ಲ; ಅಪರಿಚಿತನನ್ನು ಕಂಡರೆ, “ಯಾರ ಮನೆಗೆ ಬಂದಿರಿ?” ಎಂದು ಕೇಳುವವರು ಇಂದಿಗೂ ಇದ್ದಾರೆ.

ನನ್ನನ್ನೂ ಒಬ್ಬರು ಹಾಗೆಯೇ ಕೇಳಿದರು. ಉತ್ತರ ಹೇಳಲು ನಾನು ತುಸು ತಡವರಿಸಿದೆನು. ನಾನು ಬಂದದ್ದು ಯಾರ ಮನೆಗೂ ಅಲ್ಲ; ನನ್ನದೇ ಒಂದು ತಪ್ಪನ್ನು ನೋಡಿಕೊಂಡು ಹೋಗಲು.

ಐದು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಹುಡುಗರನ್ನು ಕರೆದುಕೊಂಡು ಇಲ್ಲಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಏಳು ದಿನಗಳ ಶಿಬಿರ ನಡೆಸಿದ್ದೆನು. ಊರ ಹೊರಗಿನ ಬಯಲನ್ನು ಕಂಡು, ಇಷ್ಟೊಂದು ನೆಲ ಬರಿದಾಗಿ ಬಿದ್ದಿದೆಯಲ್ಲಾ ಎಂದು ನನಗೆ ಮರುಕವಾಯಿತು. ಇನ್ನೂರು ಗಿಡಗಳನ್ನು ತರಿಸಿ ನೆಡಿಸಿದೆನು. ಹುಡುಗರ ಅಂಗೈಗಳಲ್ಲಿ ಬೊಬ್ಬೆಗಳೆದ್ದವು, ಮುಕ್ತಾಯದ ದಿನ ಭಾಷಣಗಳಾದವು, ಭಾವಚಿತ್ರ ತೆಗೆಸಿಕೊಂಡೆವು. ವರದಿಯಲ್ಲಿ ಇನ್ನೂರು ಗಿಡಗಳೂ ಹಚ್ಚಹಸುರಾಗಿ ನಿಂತವು. ಬಯಲಿನಲ್ಲಿ ಮಾತ್ರ, ಮುಂದಿನ ಮಳೆಗಾಲ ಬರುವಷ್ಟರಲ್ಲಿ, ಒಂದೂ ಉಳಿಯಲಿಲ್ಲವೆಂದು ಆ ಊರಿನ ವಿದ್ಯಾರ್ಥಿಯೊಬ್ಬನಿಂದ ತಿಳಿಯಿತು. ಈ ವರ್ಷ ಮತ್ತೆ ಶಿಬಿರದ ಹೊಣೆ ನನ್ನ ಪಾಲಿಗೆ ಬಂದಾಗ, ಹೊಸ ಯೋಜನೆಯ ಪಟ್ಟಿಯನ್ನು ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಸಿ ಚೀಲದಲ್ಲಿಟ್ಟುಕೊಂಡು ಒಬ್ಬನೇ ಹೊರಟುಬಂದೆನು.

ಊರೊಳಗೆ ನಡೆಯುತ್ತಿದ್ದಾಗ ನಾಚಿಕೆಗೆ ಇನ್ನೊಂದು ಕಾರಣವೂ ನೆನಪಾಯಿತು. ‘ಆನಂದ’ ಎಂಬ ಹೆಸರಿನಿಂದ ಬರೆದ ಅಜ್ಜಂಪುರ ಸೀತಾರಾಂ ಅವರ ‘ನಾನು ಕೊಂದ ಹುಡುಗಿ’ಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಹಳ್ಳಿಗೆ ಅತಿಥಿಯಾಗಿ ಬಂದ ವಿದ್ಯಾವಂತನೊಬ್ಬ ಬಸವಿ ಬಿಟ್ಟ ಹುಡುಗಿಗೆ ಒಳ್ಳೆಯದನ್ನೇ ಬಯಸಿ ಬುದ್ಧಿ ಹೇಳುತ್ತಾನೆ. ಅವಳ ಬದುಕಿನ ಸುತ್ತ ಏನಿದೆಯೆಂದು ಅರಿಯದೆ ಆಡಿದ ಆ ಮಾತು ಅವಳ ಪ್ರಾಣಕ್ಕೇ ಎರವಾಗುತ್ತದೆ. ಹೊರಗಿನವನ ಸದುದ್ದೇಶವನ್ನು ಇಷ್ಟು ನಿಷ್ಠುರವಾಗಿ ತೂಗಿ ನೋಡಿದ ಕಥೆ ನಮ್ಮಲ್ಲಿ ವಿರಳ. ಅದನ್ನು ಪಾಠ ಹೇಳುವ ಮೇಷ್ಟ್ರು ಕಥೆಗಾರರ ಊರಿನ ಮಗ್ಗುಲಲ್ಲೇ, ಯಾರನ್ನೂ ಕೇಳದೆ, ಇನ್ನೂರು ಗಿಡ ನೆಟ್ಟು ಹೋಗಿದ್ದನು! ಪ್ರಾಣಹಾನಿಯೇನೂ ಆಗಲಿಲ್ಲವೆಂಬುದಷ್ಟೇ ಸಮಾಧಾನ.

ನಾನು ಬರಿದೆಂದು ತಿಳಿದ ಆ ನೆಲ ಬರಿದಾಗಿರಲಿಲ್ಲ. ಅದು ಕಾವಲು. ಅಜ್ಜಂಪುರವೆಂದರೆ ಅಮೃತಮಹಲ್ ದನಗಳ ಊರೆಂಬುದು ವಾಚಕರಲ್ಲಿ ಅನೇಕರಿಗೆ ಗೊತ್ತಿರಬಹುದು. ಆ ತಳಿಯನ್ನು ಕಾಪಾಡಿಕೊಂಡು ಬಂದಿರುವ ಸರ್ಕಾರದ ಸಂವರ್ಧನ ಕೇಂದ್ರ ಇಲ್ಲಿಯೇ ಇದೆ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದು ತುದಿಯಲ್ಲಿ ಒಂದಕ್ಕೊಂದು ಸಮೀಪಿಸುವ ನೀಳವಾದ ಕೊಂಬು, ಹೊಸಬರನ್ನು ಕಂಡೊಡನೆ ನಿಗುರುವ ಕಿವಿ — ಮಂದೆಯೊಂದು ತಲೆಯೆತ್ತಿ ನಿಂತರೆ ನೋಡುವವನು ತಾನಾಗಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಮಂದೆಗಳ ಆಡಳಿತಕ್ಕೆ ‘ಬೆಣ್ಣೆ ಚಾವಡಿ’ಯೆಂದು ಹೆಸರಿತ್ತು, ಅದನ್ನು ‘ಅಮೃತಮಹಲ್’ ಎಂದು ಬದಲಾಯಿಸಿದವನು ಟಿಪ್ಪು ಸುಲ್ತಾನ. ಹೆಸರು ಹಾಲು ಬೆಣ್ಣೆಗಳದಾದರೂ ಎತ್ತುಗಳ ಖ್ಯಾತಿ ಫಿರಂಗಿಯ ಬಂಡಿಗಳನ್ನೆಳೆಯುವ ವೇಗದಿಂದ ಬಂದದ್ದು. ಇವುಗಳಿಗಾಗಿ ನಾಡಿನ ಉದ್ದಗಲಕ್ಕೂ ಕಾವಲುಗಳಿದ್ದವು. ಬೇಸಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಯಾವ ತಿಂಗಳಲ್ಲಿ ಎಲ್ಲಿ ಹುಲ್ಲು, ಎಲ್ಲಿ ನೀರು ಎಂಬ ಆ ಲೆಕ್ಕ ದನದ ಹಿಂದೆ ನಡೆದವರ ಕಾಲುಗಳಲ್ಲಿತ್ತು. 1860ರಲ್ಲಿ ಖರ್ಚು ಉಳಿಸಬೇಕೆಂದು ಅಧಿಕಾರಿಗಳು ಮಂದೆಗಳನ್ನು ಮಾರಿ ಇಲಾಖೆಯನ್ನೇ ಮುಚ್ಚಿದರು. ಆರೇ ವರ್ಷಗಳಲ್ಲಿ, 1866ರಲ್ಲಿ, ಅದನ್ನು ಮತ್ತೆ ತೆರೆಯಬೇಕಾಯಿತು. ಮೇಜಿನ ಮೇಲೆ ಸರಿಯಾಗಿ ಕಂಡ ಲೆಕ್ಕ ಬಯಲಿನಲ್ಲಿ ತಪ್ಪಿತ್ತು.

ಸಂಜೆ ಆ ಹಳ್ಳಿಗೆ ಹೋದೆನು. ಹಾಲು ಅಳೆಯುವ ಹೊತ್ತು. ಸಂಘದ ಕಟ್ಟೆಯ ಮುಂದೆ ಹೆಂಗಸರು ಪಾತ್ರೆಗಳನ್ನು ಹಿಡಿದು ಸಾಲಾಗಿ ನಿಂತಿದ್ದರು. ಸಂಘದ ಅಧ್ಯಕ್ಷೆ ಐವತ್ತು ದಾಟಿದ ಹೆಣ್ಣುಮಗಳು. ಹಾಲಿನ ಜಿಡ್ಡಿನ ಅಂಕಿಯನ್ನು ತಾವೇ ಓದಿ ಪುಸ್ತಕದಲ್ಲಿ ಬರೆಸುತ್ತಿದ್ದರು. ನನ್ನನ್ನು ಗುರುತು ಹಿಡಿದು ನಕ್ಕರು.

“ಗಿಡದ ಮೇಷ್ಟ್ರಲ್ವಾ? ಬನ್ನಿ, ಕೂತ್ಕಳ್ಳಿ.”

ಅಳತೆ ಮುಗಿದ ಮೇಲೆ ನಾನೇ ವಿಷಯವೆತ್ತಿದೆನು. “ಅಮ್ಮಾ, ಆ ಗಿಡಗಳು ಯಾಕೆ ಉಳಿಯಲಿಲ್ಲ?”

“ನೀವು ನೆಟ್ಟಿದ್ದು ದನ ನೀರಿಗೆ ಹೋಗೋ ದಾರೀಲಿ, ಮೇಷ್ಟ್ರೇ. ಚಳಿಗಾಲದಲ್ಲಿ ಬೇರೆ ನೆಟ್ರಿ. ನೀರು ಹಾಕೋರು ಯಾರು ಅಂತ ಮಾತೇ ಆಗ್ಲಿಲ್ಲ.”

“ಆಗಲೇ ಹೇಳಬಹುದಿತ್ತಲ್ಲಾ?”

“ಓದಿದ ಮಕ್ಕಳು ಅಷ್ಟು ಕಷ್ಟಪಟ್ಟು ಗುಣಿ ತೋಡ್ತಾ ಇದ್ರು. ಬೇಡ ಅನ್ನೋಕೆ ಮನಸು ಬರ್ಲಿಲ್ಲ. ನೀವೂ ಕೇಳ್ಲಿಲ್ಲ.”

ಮಾತು ದನಗಳ ಮೇಲೆಯೇ ಇದ್ದುದರಿಂದ, ನಾನು ಓದಿದ್ದ ಒಂದು ಸಂಗತಿಯನ್ನು ಅವರಿಗೆ ಹೇಳಿದೆನು. 1988ರಲ್ಲಿ ಇಂಗ್ಲೆಂಡಿನ ಕೆಲವು ರೈತರು ಅಂತರ್ಯುದ್ಧದಿಂದ ನೊಂದಿದ್ದ ಆಫ್ರಿಕದ ಉಗಾಂಡ ದೇಶಕ್ಕೆ ವಿಮಾನದಲ್ಲಿ ಹಸುಗಳನ್ನು ಕಳುಹಿಸಿದರು. ‘ಸೆಂಡ್ ಎ ಕೌ’ ಎಂಬ ಧರ್ಮಸಂಸ್ಥೆ ಹುಟ್ಟಿದ್ದು ಹಾಗೆ.

ನಾನು ಮೆಚ್ಚುಗೆಯ ಮಾತನ್ನು ನಿರೀಕ್ಷಿಸಿದ್ದೆನು. ಅವರು ಕೇಳಿದ್ದು ಬೇರೆ: “ಮೇವು ಯಾರು ಹಾಕಿದ್ರು? ಅಲ್ಲಿನ ಬಿಸಿಲು ಆ ಹಸೂಗೆ ತಡೀತಾ? ಮೊದಲನೇ ಕರು ಯಾರಿಗಾಯ್ತು?”

ಈ ಪ್ರಶ್ನೆಗಳ ಹಾದಿಯಲ್ಲಿಯೇ ಆ ಸಂಸ್ಥೆಯೂ ನಡೆಯಬೇಕಾಯಿತೆಂಬುದು ಸ್ವಾರಸ್ಯ. ಕೊಟ್ಟಿಗೆ ಕಟ್ಟುವುದು, ಮೇವು ಬೆಳೆಯುವುದು, ಸಗಣಿಯನ್ನು ಹೊಲಕ್ಕೆ ಗೊಬ್ಬರವಾಗಿಸುವುದು, ಇವನ್ನು ಕಲಿತ ಮೇಲೆಯೇ ಹಸು ಬರುವಂತಾಯಿತು. ದೂರದಿಂದ ದನ ಸಾಗಿಸುವುದನ್ನು ಬಿಟ್ಟು ಆಫ್ರಿಕದಲ್ಲಿಯೇ ಕೊಳ್ಳತೊಡಗಿದರು. ಹಸು ಪಡೆದ ಮನೆಯವರು ಮೊದಲ ಹೆಣ್ಣು ಕರುವನ್ನು ಇನ್ನೊಂದು ಬಡ ಕುಟುಂಬಕ್ಕೆ ಕೊಡಬೇಕೆಂಬ ನಿಯಮವಿತ್ತು; ನಿನ್ನೆ ಕೈಯೊಡ್ಡಿದವರು ಇಂದು ಕೊಡುವವರಾದರು. ಕಲಿತ ರೈತರೇ ನೆರೆಯ ರೈತರಿಗೆ ಗುರುಗಳಾದರು. 2022ರಲ್ಲಿ ಸಂಸ್ಥೆ ‘ರಿಪಲ್ ಎಫೆಕ್ಟ್’ ಎಂದು ಹೆಸರನ್ನೇ ಬದಲಾಯಿಸಿಕೊಂಡಿತು. ‘ಹಸು ಕಳುಹಿಸು’ ಎಂಬ ಹಳೆಯ ಹೆಸರಿನಲ್ಲಿ ಕರ್ತೃ ಕಳುಹಿಸುವವನು. ‘ಅಲೆಯ ಪರಿಣಾಮ’ವೆಂಬ ಹೊಸ ಹೆಸರಿನಲ್ಲಿ ಅವನು ಕಾಣುವುದೇ ಇಲ್ಲ. ವ್ಯಾಕರಣ ಕಲಿಸುವವನಿಗೆ ಇದು ಸಣ್ಣ ಬದಲಾವಣೆಯಾಗಿ ತೋರಲಿಲ್ಲ.

ಕರುವಿನ ನಿಯಮವನ್ನು ಕೇಳಿ ಅಧ್ಯಕ್ಷೆಯ ಮುಖ ಅರಳಿತು. “ಅದು ಸರಿ. ಕೊಟ್ಟೋರ ಮುಂದೆ ತಲೆ ತಗ್ಗಿಸಿ ನಿಲ್ಲೋದು ತಪ್ತು,” ಎಂದರು.

ಗಿಡಗಳ ವಿಷಯದಲ್ಲಿಯೂ ಆಫ್ರಿಕದಿಂದ ನನಗೊಂದು ಪಾಠವಿತ್ತು. ಕೀನ್ಯ ದೇಶದ ವಂಗಾರಿ ಮಾಥಾಯಿ 1977ರಲ್ಲಿ ‘ಗ್ರೀನ್ ಬೆಲ್ಟ್’ ಚಳವಳಿಯನ್ನು ಆರಂಭಿಸಿದಾಗ, ಸಸಿ ಬೆಳೆಸುವುದು ಪದವಿ ಪಡೆದ ಅರಣ್ಯಾಧಿಕಾರಿಗಳ ಕೆಲಸವೆಂಬ ಮಾತು ಕೇಳಿಬಂತು. ಆಕೆ ಹಳ್ಳಿಯ ಹೆಂಗಸರ ಗುಂಪುಗಳನ್ನೇ ನಂಬಿದರು. ಅಲ್ಲಿ ಹೆಂಗಸರಿಗೆ ಸಲ್ಲುತ್ತಿದ್ದ ಅಲ್ಪ ಸಂಭಾವನೆ ನೆಟ್ಟ ಗಿಡಕ್ಕಲ್ಲ, ಬದುಕಿ ಉಳಿದ ಗಿಡಕ್ಕೆ. ಕೋಟಿಗಟ್ಟಲೆ ಮರಗಳು ಎದ್ದವು. 2004ರಲ್ಲಿ ಆಕೆಗೆ ನೊಬೆಲ್ ಶಾಂತಿ ಪುರಸ್ಕಾರ ಬಂದಿತು. ಅದೇ ಲೆಕ್ಕವನ್ನು ನನಗೆ ಅನ್ವಯಿಸಿದರೆ ನನಗೆ ಸಲ್ಲುವುದು ಸೊನ್ನೆ.

ಇಷ್ಟಕ್ಕೆ ಆಫ್ರಿಕಕ್ಕೇ ಹೋಗಬೇಕಾಗಿಯೂ ಇಲ್ಲ. ಸಹಕಾರ ಸಂಘಗಳ ಕಾನೂನು 1904ರಲ್ಲಿ ಆಳುವವರ ಕಚೇರಿಯಿಂದ ಬಂದಿತು. ಆದರೆ ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಅದಕ್ಕೆ ಜೀವ ಕೊಟ್ಟು ರೈತರ ಪತ್ತಿನ ಸಂಘ ಕಟ್ಟಿದವರು ಆ ಊರಿನವರೇ ಆದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಹಣ, ಕಾನೂನು, ಹಸು, ಗಿಡ ಇವು ಹೊರಗಿನಿಂದ ಬರಬಹುದು. ಮುಂದಾಳುತನ ಬರಲಾರದು, ಅದು ಊರಿನಲ್ಲಿಯೇ ಇರುತ್ತದೆ. ಬಂದವನು ಅದನ್ನು ಹುಡುಕಿ, ಅದರ ಹಿಂದೆ ನಡೆಯುವುದನ್ನು ಕಲಿಯಬೇಕು.

ಹೊತ್ತು ಮುಳುಗುತ್ತಿತ್ತು. ಕಾವಲಿನಿಂದ ಊರದನಗಳು ಧೂಳೆಬ್ಬಿಸುತ್ತ ಬಂದವು. ನಾನು ಗಿಡ ನೆಡಿಸಿದ್ದ ಜಾಗದ ಮೇಲೆಯೇ ನಡೆದು, ಊರ ಮುಂದಿನ ನೀರಿನ ತೊಟ್ಟಿಯ ಸುತ್ತ ನೆರೆದವು. ತೊಟ್ಟಿ ಒಂದು ಕಡೆ ಬಿರುಕು ಬಿಟ್ಟು ಅರ್ಧದಷ್ಟು ನೀರು ಕೆಸರಿಗೆ ಹೋಗುತ್ತಿತ್ತು.

“ಈ ಸಲ ಹುಡುಗರು ಬಂದರೆ ಏನು ಮಾಡಿಸಲಿ, ಅಮ್ಮಾ?”

“ಆ ತೊಟ್ಟಿ ಸರಿ ಮಾಡ್ಸಿ. ಗಾರೆ ಕೆಲಸದೋನು ನಮ್ಮೂರಲ್ಲೇ ಅವನೆ. ಅವನು ಹೇಳಿದಂಗೆ ನಿಮ್ಮ ಹುಡುಗರು ಕಲ್ಲು ಮಣ್ಣು ಹೊರಲಿ. ಗಿಡದ ಮಾತು ಆಮೇಲೆ. ಮಳೆ ಹಿಡಿದಾಗ ಬನ್ನಿ. ಎಲ್ಲಿ, ಯಾವ್ದು ಅಂತ ನಾವು ಹೆಂಗಸರು ಕೂತು ಹೇಳ್ತೀವಿ. ನೀರು ಹಾಕೋ ಪಾಳಿನೂ ನಾವೇ ಮಾಡ್ಕೋತೀವಿ.”

ನಾನು ಚೀಲದಿಂದ ಬೆರಳಚ್ಚಿನ ಪಟ್ಟಿಯನ್ನು ತೆಗೆದೆನು. ಅದರಲ್ಲಿ ಹನ್ನೊಂದು ಬಾಬುಗಳಿದ್ದವು. ತೊಟ್ಟಿಯ ಹೆಸರು ಒಂದರಲ್ಲಿಯೂ ಇರಲಿಲ್ಲ. ಹಾಳೆಯನ್ನು ಮಗುಚಿ, ಹಿಂಬದಿಯಲ್ಲಿ ಅವರು ಹೇಳಿದ್ದನ್ನು ಹೇಳಿದ ಕ್ರಮದಲ್ಲಿಯೇ ಬರೆದುಕೊಂಡೆನು. ಬರೆದದ್ದನ್ನು ಓದಿ ಹೇಳೆಂದರು, ಓದಿದೆನು. ಒಂದು ಕಡೆ ತಿದ್ದಿಸಿದರು. ಆಮೇಲೆ ಒಳಗಿನಿಂದ ಒಂದು ಲೋಟ ಹಾಲು ತರಿಸಿ ಕೈಗಿತ್ತರು.