ಅಕ್ಕಡಿ ಸಾಲು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆಯಾದರೂ ಬಾತುಗಳು ಹಾರುತ್ತವೆ. ಮುಂದಿನದು ದಣಿದರೆ ಹಿಂದಿನದು ಮುಂದೆ ಬರುತ್ತದಂತೆ, ಒಂದು ಕೆಳಗೆ ಬಿದ್ದರೆ ಎರಡು ಜೊತೆಗಿಳಿಯುತ್ತವಂತೆ, ಮನುಷ್ಯ ಇದನ್ನು ನೋಡಿ ಕಲಿಯಬೇಕಂತೆ. ಕಳಿಸುವವನು ನನ್ನ ಚಿಕ್ಕಪ್ಪನ ಮಗ. ಬದುವಿನ ಎರಡು ಗೇಣು ಜಾಗಕ್ಕೆ ಒಡಹುಟ್ಟಿದ ಅಣ್ಣನ ಮೇಲೆ ದಾವೆ ಹೂಡಿರುವವನೂ ಅವನೇ. ಬಾತುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮಾಗಡಿ ಸೀಮೆಯ ಮಳೆಯಾಶ್ರಿತ ಹೊಲದಲ್ಲಿ ಬೆಳೆದವನು ನಾನು, ಕಂಡದ್ದು ತೊಗರಿಯನ್ನು.

ಬಿತ್ತನೆಯ ದಿನ ಅಪ್ಪ ಕೂರಿಗೆ ಹಿಡಿದು ಎತ್ತುಗಳ ಹಿಂದೆ ಹೋಗುತ್ತಿದ್ದ. ಕೂರಿಗೆಗೆ ಹಗ್ಗದಲ್ಲಿ ಕಟ್ಟಿದ ಸಡ್ಡೆ, ಅಂದರೆ ಬಿದಿರಿನ ಕೊಳವೆ, ಅಜ್ಜಿಯ ಕೈಯಲ್ಲಿ. ಅವಳ ಮಡಿಲಲ್ಲಿ ತೊಗರಿ, ಅವರೆ, ಅಲಸಂದೆ, ಒಂದಿಷ್ಟು ಹುಚ್ಚೆಳ್ಳು. ಕೂರಿಗೆ ಒಂದು ಸಲ ಹೋದರೆ ಅಷ್ಟೂ ಸಾಲು ರಾಗಿ, ಪಕ್ಕಕ್ಕೆ ಒಂದೇ ಒಂದು ಸಾಲು ಅಕ್ಕಡಿ. ಒಂದು ವರ್ಷ ಅಜ್ಜಿಯ ಕಾಲಿಗೆ ಜಾಲಿಮುಳ್ಳು ಹೊಕ್ಕು ಸಡ್ಡೆ ನನ್ನ ಪಾಲಿಗೆ ಬಂತು. ಬೇಗ ಮುಗಿಸಿ ಆಡಲು ಓಡುವ ಆತುರ, ಹಿಡಿಹಿಡಿಯಾಗಿ ಕಾಳು ಸುರಿದೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ತೊಗರಿ ಪೊದೆಯಾಗಿ ನಿಂತಿತ್ತು, ಅದರ ಅಕ್ಕಪಕ್ಕದ ರಾಗಿ ಬಡಕಲಾಗಿತ್ತು. ಅಜ್ಜಿ ಬದುವಿನ ಮೇಲೆ ನಿಂತು ನೋಡಿದಳು. “ನೆಂಟ್ರು ಬಂದ್ರು ಅಂತ ಮನೇನೇ ಬಿಟ್ಕೊಟ್ಯಲ್ಲೋ ಮುಂಡೇದೇ” ಅಂದಳು.

ಮಣ್ಣಿನ ಕೆಳಗಿನ ಸಂಸಾರ ನನಗೆ ತಿಳಿದದ್ದು ತಡವಾಗಿ. ಅಲಸಂದೆ ಗಿಡ ಕಿತ್ತರೆ ಬೇರಿನ ತುಂಬ ಗಂಟುಗಳಿರುತ್ತಿದ್ದವು. ಉಗುರಿನಲ್ಲಿ ಚಿವುಟಿದರೆ ಒಳಗೆ ನಸುಗೆಂಪು. ಗಿಡಕ್ಕೆ ಸಿಡುಬು ಎದ್ದಿದೆ ಅಂದುಕೊಂಡಿದ್ದೆವು ನಾವು ಹುಡುಗರು. ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವ ಬ್ಯಾಕ್ಟೀರಿಯಾಗಳ ಮನೆ ಅದು ಎಂದು ಆಮೇಲೆ ಪಾಠದಲ್ಲಿ ಬಂತು. ನೀರಿನ ಕಥೆ ಇನ್ನೂ ಸೊಗಸು. ರಾಗಿಯ ಬೇರು ಮೇಲ್ಮಣ್ಣಿನಲ್ಲೇ ಜಡೆಗಟ್ಟುತ್ತದೆ, ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಮಳೆ ಹೋಗಿ ಮೇಲ್ಮಣ್ಣು ಒಣಗಿದಾಗ, ರಾತ್ರಿ ಹೊತ್ತು, ಎಲೆಗಳು ನೀರು ಕೇಳುವುದನ್ನು ನಿಲ್ಲಿಸಿದ ಮೇಲೆ, ತೊಗರಿ ಆಳದಿಂದ ಎತ್ತಿದ ನೀರು ಮೇಲಿನ ಬೇರುಗಳಿಂದ ಒಣಮಣ್ಣಿಗೆ ಜಿನುಗುತ್ತದೆ. ಎರಡೂ ಗಿಡಗಳ ಬೇರಿಗೆ ಹೆಣೆದುಕೊಂಡ ಶಿಲೀಂಧ್ರದ ಎಳೆಗಳು ಅದನ್ನು ರಾಗಿಗೆ ಮುಟ್ಟಿಸುತ್ತವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ರಾಗಿಯನ್ನೂ ತೊಗರಿಯನ್ನೂ ಜೊತೆಗೆ ಬೆಳೆಸಿ, ಇದರ ಬಗ್ಗೆ 2018ರಿಂದೀಚೆಗೆ ಲೇಖನಗಳನ್ನು ಪ್ರಕಟಿಸಿದ್ದಾರೆ. ಗುರುತು ಹಚ್ಚಿದ ನೀರನ್ನು ತೊಗರಿಯ ಆಳದ ಬೇರಿಗೆ ಕೊಟ್ಟು, ಅದೇ ನೀರು ರಾಗಿಯಲ್ಲಿ ಸಿಕ್ಕಿದ್ದನ್ನು ತೋರಿಸಿದ್ದಾರೆ.

ತೊಗರಿಗೆ ದಯೆ ಇದೆ ಎಂದು ನಾನು ಹೇಳಲಾರೆ. ಒಣಮಣ್ಣು ಎಳೆಯುತ್ತದೆ, ನೀರು ಹೋಗುತ್ತದೆ, ಅಷ್ಟೆ. ಒತ್ತಾಗಿ ಬಿತ್ತಿದರೆ ಅದೇ ತೊಗರಿ ರಾಗಿಯ ಪಾಲನ್ನೂ ಕುಡಿದು ಕೂರುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಬಾತುಗಳ ವಿಡಿಯೋ ಮಾಡುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಒಂದು ವರ್ಷ ಹಸ್ತಾ ಮಳೆಯೇ ಕೈಕೊಟ್ಟಿತು. ಊರಿನ ರಾಗಿಯೆಲ್ಲ ತೆನೆಯಲ್ಲೇ ಜೊಳ್ಳಾಯಿತು. ಅಕ್ಕಡಿ ಸಾಲುಗಳಲ್ಲಿ ತೊಗರಿ ಮಾತ್ರ ಹಸಿರಾಗಿ ನಿಂತಿತ್ತು, ಮಾಗಿಯ ಇಬ್ಬನಿಯಲ್ಲಿ ಅವರೆಯೂ ಒಂದಿಷ್ಟು ಸೊಗಡು ಬಿಟ್ಟಿತು. ಪಕ್ಕದ ಮನೆಯ ದೊಡ್ಡಮ್ಮನ ಹೊಲದಲ್ಲಿ ಅದೂ ಇಲ್ಲ. ದೊಡ್ಡಪ್ಪ ಆಸ್ಪತ್ರೆ ಸೇರಿ ಆ ಸಲ ಬಿತ್ತನೆಯೇ ಆಗಿರಲಿಲ್ಲ. ಕೈಯೊಡ್ಡುವ ಹೆಂಗಸಲ್ಲ ಅವಳು. ನಾವು ತೊಗರಿ ಬಡಿದ ಮರುದಿನ ಅಜ್ಜಿ ನನ್ನನ್ನು ಕರೆದು, “ಹೋಗ್ಲಾ, ದೊಡ್ಡಮ್ಮನ ಹತ್ರ ಮೊರ ಈಸ್ಕೊಂಬಾ” ಅಂದಳು. ನಮ್ಮ ಗೋಡೆಯ ಗೂಟದಲ್ಲೇ ಎರಡು ಮೊರ ನೇತಾಡುತ್ತಿದ್ದವು. ತೋರಿಸಲು ಹೋದೆ, ಕಣ್ಣುಬಿಟ್ಟಳು.

ಆ ಮೊರದಲ್ಲಿ ಅಜ್ಜಿ ಒಂದು ಕಾಳನ್ನೂ ಕೇರಲಿಲ್ಲ. ಸಂಜೆಯ ತನಕ ಅದು ಜಗುಲಿಯ ಮೇಲೆ ಬೋರಲು ಬಿದ್ದಿತ್ತು. ದೀಪ ಹಚ್ಚಿದ ಮೇಲೆ ಮೊರದ ತುಂಬ ತೊಗರಿ ಸುರಿದು, ಮೇಲೆ ಬಟ್ಟೆ ಮುಚ್ಚಿ, ನನ್ನ ತಲೆಯ ಮೇಲಿಟ್ಟಳು. ಈಸ್ಕೊಂಡ ಮೊರವನ್ನು ಬರಿದಾಗಿ ಹಿಂತಿರುಗಿಸಬಾರದಲ್ಲ! ದೊಡ್ಡಮ್ಮ ಬಟ್ಟೆ ಸರಿಸಿ ನೋಡಿದಳು, ಏನೂ ಹೇಳಲಿಲ್ಲ. ಮೊರವನ್ನು ಒಳಗಿಟ್ಟು ಬಂದು ನನ್ನ ಕೈಗೆ ಬೆಲ್ಲದ ಚೂರು ಕೊಟ್ಟಳು. ಆ ಚಳಿಗಾಲದಲ್ಲಿ ನಮ್ಮ ಮನೆಗೆ ಆ ಮೊರ ನಾಲ್ಕು ಸಲ ಬೇಕಾಯಿತು. ಮುಂದಿನ ಮುಂಗಾರಿಗೆ ದೊಡ್ಡಮ್ಮ ಮುಯ್ಯಾಳಾಗಿ ಕಳೆ ಕೀಳಲು ಬಂದಳು. ನಮ್ಮ ಕಡೆಯಿಂದ ತಿರುಗಿಸಬೇಕಾದ ಆಳಿನ ಲೆಕ್ಕವನ್ನು ಅವಳು ಕೇಳಲೇ ಇಲ್ಲ. ವಿಚಿತ್ರ ನೋಡಿ, ಸೇಡು ತೀರಿಸುವುದಕ್ಕೂ ನಮ್ಮಲ್ಲಿ ಮುಯ್ಯಿ ಎನ್ನುತ್ತಾರೆ.

ಈಗ ನಮ್ಮ ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತದೆ, ಕೊಯ್ಲಿಗೆ ಮಷೀನು. ಮಷೀನಿಗೆ ಅಕ್ಕಡಿ ಸಾಲು ಆಗಿಬರುವುದಿಲ್ಲ, ಹಾಗಾಗಿ ತಮ್ಮ ಬರೀ ರಾಗಿ ಹಾಕಿಸುತ್ತಾನೆ. ಬೇಳೆ ಅಂಗಡಿಯಿಂದ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿದ 2023ರಲ್ಲಿ ನಮ್ಮ ಹೊಲದಲ್ಲಿ ರಾಗಿ ಒಣಗಿದ ಮೇಲೆ ನೋಡಲು ಏನೂ ಉಳಿಯಲಿಲ್ಲ. ಈ ಮುಂಗಾರಿಗೆ ಅರ್ಧ ಎಕರೆ ಹಳೆಯ ರೀತಿಯಲ್ಲಿ ಬಿತ್ತೋಣ ಎಂದು ಹೇಗೋ ಅವನನ್ನು ಒಪ್ಪಿಸಿದ್ದೇನೆ. ಅಜ್ಜಿಯ ಸಡ್ಡೆ ಅಟ್ಟದ ಮೇಲಿದೆ, ಬಿದಿರು ಗಟ್ಟಿಯಾಗಿದೆ. ಕೂರಿಗೆ ಹಿಡಿಯಬಲ್ಲವರು ನಿಮ್ಮ ಕಡೆ ಯಾರಾದರೂ ಇದ್ದರೆ ತಿಳಿಸಿ. ಮುಯ್ಯಾಳಾಗಿ ನಿಮ್ಮ ಹೊಲಕ್ಕೂ ಬರುತ್ತೇನೆ, ಕಾಳು ಒತ್ತಾಗಿ ಬಿಡುವುದಿಲ್ಲ.