ಐದು ಅಡಿಕೆ

ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಕಾಲವೂ ಕ್ರಿಸ್ಮಸ್ ಹಬ್ಬಕ್ಕೆ ಮನಸ್ಸನ್ನು ಸಿದ್ಧಗೊಳಿಸುವ ಕಾಲವೂ ಒಟ್ಟಿಗೇ ಬರುತ್ತವೆ. ನಾನು ಚಿಕ್ಕವಳಿದ್ದಾಗ ಅಮ್ಮ ಹೊಸನಗರ ತಾಲ್ಲೂಕಿನ ಒಂದು ತೋಟದ ಮನೆಗೆ ಸುಲಿಯಲು ಹೋಗುತ್ತಿದ್ದಳು. ರಾತ್ರಿ ಊಟವಾದ ಮೇಲೆ ಅಂಗಳದ ಚಪ್ಪರದಡಿ ಮೆಟ್ಟುಗತ್ತಿಗಳ ಸಾಲು, ನಡುವೆ ಒಂದು ಗ್ಯಾಸ್‌ಲೈಟು. ಉಳಿದ ಹೆಂಗಸರು ಹಾಡು, ಊರ ಸುದ್ದಿ ಎಂದು ನಿದ್ದೆ ಓಡಿಸಿಕೊಂಡರೆ, ಅಮ್ಮನ ತುಟಿ ಮಾತ್ರ ಸದ್ದಿಲ್ಲದೆ ಅಲುಗುತ್ತಿತ್ತು. ಹಸಿ ಅಡಿಕೆಯ ಕರೆ ಹತ್ತಿ ಕಪ್ಪಾದ ಕೈಯಲ್ಲಿ ಜಪಸರ ಹಿಡಿಯುವಂತಿರಲಿಲ್ಲ. ಹತ್ತು ‘ನಮಾನ್ ಮರಿಯೆ’ ಮುಗಿದರೆ ಒಂದು ಅಡಿಕೆಯನ್ನು ಪಕ್ಕಕ್ಕಿಡುವಳು. ಐದು ಅಡಿಕೆ ಆದಾಗ ಆ ದಿನದ ಜಪ ಪೂರ್ತಿಯಾಯಿತು.

ಒಂದು ರಾತ್ರಿ ನಾನು ಆ ಐದರಲ್ಲಿ ಒಂದನ್ನು ಲಂಗದ ಜೇಬಿಗೆ ಸೇರಿಸಿದೆ. ಪ್ರಾರ್ಥನೆಯಾದ ಅಡಿಕೆ, ದೇವರದ್ದು ಎಂದು ನನ್ನ ಲೆಕ್ಕ. ಮನೆ ಹತ್ತಿರ ಬಂದಾಗ ಅಮ್ಮ ಕಂಡಳು. ಬೈಯಲಿಲ್ಲ. ಲಾಟೀನು ಹಿಡಿದು, ನನ್ನ ಕೈಯನ್ನೂ ಹಿಡಿದು, ಆ ಚಳಿಯಲ್ಲಿ ಮತ್ತೆ ತೋಟದ ಮನೆಗೆ ನಡೆದಳು. “ಜಪ ನಮ್ಮದು, ಅಡಿಕೆ ಅವರದ್ದು” ಎಂದಳು ದಾರಿಯಲ್ಲಿ. ಅಷ್ಟೇ ಮಾತು.

ನಮ್ಮ ಅಜ್ಜ ಕೂಲಿ ಅರಸಿ ಬಾಳೆಬರೆ ಘಾಟಿ ಹತ್ತಿ ಬಂದವರು. ತೀರ್ಥಹಳ್ಳಿ ಸೀಮೆಯ ಕ್ರೈಸ್ತರು ಎಂದರೆ ಅನೇಕರಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಪಾದ್ರಿ ನೆನಪಾಗುತ್ತಾನೆ. ನನಗೂ ಅದನ್ನು ಓದುವಾಗ ಒಮ್ಮೆ ನಗು, ಒಮ್ಮೆ ಮುಜುಗರ. ಆದರೆ ನಮ್ಮವರಂಥ ಕೊಂಕಣಿ ಮಾತಿನ ಕಥೋಲಿಕರು ಯಾರ ಮತವನ್ನೂ ಬದಲಿಸಲು ಬಂದವರಲ್ಲ, ಹೊಟ್ಟೆಪಾಡಿಗೆ ಬಂದವರು. ಇಗರ್ಜಿ ದೂರ. ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ವಾರಗಟ್ಟಲೆ ಪೂಜೆ ತಪ್ಪುತ್ತಿತ್ತು. ಹೋದರೂ ಪೂಜೆ ಲ್ಯಾಟಿನ್ ಭಾಷೆಯಲ್ಲಿ. 1962ರಿಂದ 65ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ನಂತರವೇ ಅದು ನಮಗೆ ತಿಳಿಯುವ ಮಾತಿಗೆ ಬಂದದ್ದು. ಹೀಗಾಗಿ ನಮ್ಮ ಧರ್ಮವೆಲ್ಲ ಸಂಜೆಯ ಜಪದಲ್ಲೇ ಇತ್ತು. ಜಪ ಮುಗಿದು ಹಿರಿಯರಿಗೆ ಕೈಮುಗಿದು ಆಶೀರ್ವಾದ ಬೇಡದೆ ಮಕ್ಕಳಿಗೆ ಊಟವಿರಲಿಲ್ಲ.

ಟೀಚರಾಗಿ ಸಾಗರದಲ್ಲಿದ್ದಷ್ಟು ಕಾಲ ಈ ಕ್ರಮ ನಡೆಯಿತು. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ಮೈಕು ಕೂಗುವಾಗ ಮಕ್ಕಳಿಗೆ ಜಪದ ಲೆಕ್ಕ ತಪ್ಪುತ್ತಿತ್ತು, ತಪ್ಪಿಸಿಕೊಳ್ಳುತ್ತಲೂ ಇದ್ದರು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಚಿಕ್ಕಮಗಳೂರಿನಿಂದ ಬೇರೆಯಾದಾಗ ನಾವೂ ಸಂಭ್ರಮಪಟ್ಟೆವು.

ನಿವೃತ್ತಿಯಾದ ಮೇಲೆ ತೀರ್ಥಹಳ್ಳಿಗೆ ಬಂದೆವು. 2011ರಲ್ಲಿ ನಮ್ಮ ಮನೆಯವರು ಮೂರೇ ವಾರದ ಕಾಯಿಲೆಯಲ್ಲಿ ತೀರಿಕೊಂಡರು. ತಿಂಗಳ ಪೂಜೆಯವರೆಗೆ ಮನೆ ತುಂಬ ಜನ, ಗಟ್ಟಿಯಾದ ಪ್ರಾರ್ಥನೆ. ಎಲ್ಲರೂ ಹೊರಟುಹೋದ ಸಂಜೆ ಒಬ್ಬಳೇ ಮೊಣಕಾಲೂರಿದೆ. ಕರ್ತನ ಪ್ರಾರ್ಥನೆಯಲ್ಲಿ ದೇವರ ಚಿತ್ತಕ್ಕೆ ಒಪ್ಪುವ ಮಾತೊಂದಿದೆಯಲ್ಲ, ಅಲ್ಲಿಗೆ ಬಂದಾಗ ಗಂಟಲು ಕಟ್ಟಿತು. ಅಳುವಲ್ಲ, ಸಿಟ್ಟು. ಒಪ್ಪದೆ ಒಪ್ಪಿದೆ ಎನ್ನುವುದು ಸುಳ್ಳಲ್ಲವೆ? ಜಪಸರವನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಭಾನುವಾರ ಇಗರ್ಜಿಗೆ ಮಾತ್ರ ಹೋಗುತ್ತಿದ್ದೆ, ಜನ ಕೇಳುತ್ತಾರಲ್ಲ ಎಂದು.

ನಾಲ್ಕು ತಿಂಗಳು ಕಳೆದಿರಬೇಕು. ಪಕ್ಕದ ಮನೆಯ ಅಮ್ಮ, ಸಂಜೆ ತುಳಸಿಗೆ ದೀಪವಿಡದೆ ಒಳಗೆ ಕಾಲಿಡದವರು, ಗೋಡೆಯ ಮೇಲಿಂದ ಕರೆದರು. “ಅಲ್ಲ ಟೀಚರೇ, ಸಂಜೆ ನಿಮ್ಮನೆ ಶಬ್ದಾನೇ ಇಲ್ಲ? ನೀವು ಶುರು ಮಾಡಿದ್ರೆ ನಾನು ಕುಕ್ಕರ್ ಇಡ್ತಿದ್ದೆ. ಈಗ ದಿನಾ ಊಟ ತಡ ಆಗ್ತಿದೆ, ಇವ್ರು ಬೈತಾರೆ.”

ನಗು ಬಂದುಬಿಟ್ಟಿತು. ಎಷ್ಟೋ ದಿನಗಳ ಮೇಲಿನ ನಗು.

ಮರುವಾರ ನಮ್ಮ ಗುರುಗಳಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಗದರುತ್ತಾರೆಂದು ಹೆದರಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಒಂದು ಮಾತು ಬಾರದಿದ್ದರೆ ಬಿಟ್ಟು ಮುಂದಕ್ಕೆ ಹೇಳಿ ಅಮ್ಮ. ನಿಮ್ಮ ಪರವಾಗಿ ಇಗರ್ಜಿಯಲ್ಲಿ ಉಳಿದವರು ಹೇಳುತ್ತಿರುತ್ತಾರೆ” ಎಂದರು. ನಂಬಿಕೆ ಗಟ್ಟಿಯಾಗಬೇಕೆಂದು ಎಷ್ಟೋ ಪ್ರಸಂಗ ಕೇಳಿದ್ದೇನೆ, ಇಷ್ಟು ಉಪಯೋಗಕ್ಕೆ ಬಂದ ಮಾತು ಇನ್ನೊಂದಿಲ್ಲ. ಒಂಟಿಯಾಗಿ ಸುಲಿಯುವಾಗಲೂ ಅಮ್ಮ ಒಬ್ಬಳೇ ಜಪ ಮಾಡುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅದೇ ಹೊತ್ತಿನಲ್ಲಿ ಮನೆಯಲ್ಲಿ ಅಜ್ಜಿಯೂ ಹೇಳುತ್ತಿರುತ್ತಿದ್ದಳು.

ಆ ಸಂಜೆ ಜಪಸರದ ಡಬ್ಬಿ ತೆರೆಯಲು ಯಾಕೋ ಕೈ ಬರಲಿಲ್ಲ. ಅಡಿಗೆಮನೆಯಿಂದ ಐದು ಅಡಿಕೆ ತಂದು ಮುಂದೆ ಇಟ್ಟುಕೊಂಡೆ.

ಈಗಲೂ ಏಳು ಗಂಟೆಗೆ ಕೂರುತ್ತೇನೆ. ಕೆಲವು ದಿನ ಆ ಮಾತು ಬಾಯಿಗೆ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಮೂರನೆಯ ಅಡಿಕೆ ಸರಿಸುವ ಹೊತ್ತಿಗೆ ಗೋಡೆಯಾಚೆ ಕುಕ್ಕರ್ ಕೂಗುತ್ತದೆ.